ಯಾವ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಪುಸ್ತಕಕ್ಕ ಟಿಪ್ಪಣಿ ಇರೋ ಎಡಿಷನ್ ಬೇಕು?

ನನ್ನ ಹತ್ರ ಪುಸ್ತಕ ಒಯ್ದವರು ವಾಪಸ್ ಕೊಡೋ ಮುಂದ ಕೇಳೋದು ಹೆಚ್ಚುಕಡಿಮಿ ಒಂದೇ ಪ್ರಶ್ನೆ. ಪುಟದ ಅಂಚಿನಾಗ ನಾ ಪೆನ್ಸಿಲ್ ಹಿಡಿದು ಬರ್ಕೊಂಡಿದ್ದು ನೋಡಿರ್ತಾರ, ಅದಕ್ಕ "ಸರ್, ಹಿಂಗ ಟಿಪ್ಪಣಿ ಹಾಕಿ ಪ್ರಿಂಟ್ ಮಾಡಿದ ಎಡಿಷನ್ ಯಾವ್ಯಾವ ಪುಸ್ತಕಕ್ಕ ಬರಬೇಕ್ರಿ?" ಅಂತಾರ. ಗುಲಬರ್ಗಾ ಯೂನಿವರ್ಸಿಟಿ ಹುಡುಗ್ರು ಕೇಳ್ತಾರ, ಬೀದರ್‌ದಾಗ ಇರೋ ನಮ್ಮ ಅಕ್ಕನ ಮಗಳು ಫೋನ್ ಮಾಡಿದಾಗೆಲ್ಲ ಕೇಳ್ತಾಳ, ಸಿನಿಮಾ ನೋಡ್ಕೊಂಡು ಬಂದು ಡ್ಯೂನ್ ಕಾದಂಬರಿ ಕೈಗೆ ತೊಗೊಂಡವರಂತೂ ಕೇಳೇ ಕೇಳ್ತಾರ. ಬಾಯಿಲೆ ಹೇಳ್ಲಕ್ಕ ಹೋದ್ರ ಪ್ರತಿ ಸಲ ಅರ್ಧಕ್ಕ ನಿಲ್ತದ, ಅದಕ್ಕ ಪೂರ್ತಿ ಉತ್ತರ ಇಲ್ಲಿ ಬರ್ದು ಹಾಕ್ಲಕತ್ತೀನಿ.

ಕಠಿಣ ಪುಸ್ತಕಕ್ಕ ಟಿಪ್ಪಣಿ ಬೇಕು ಅಂತ ಭಾಳ ಮಂದಿ ತಿಳ್ಕೊಂಡಾರ, ನಾ ಹಂಗ ಅನ್ನಲ್ಲ. ಪುಸ್ತಕ ಬಂದ ಕಾಲದಾಗ ಅದನ್ನ ಓದಿದವರಿಗೆ ಯಾರೂ ಹೇಳದೇನೇ ಗೊತ್ತಿದ್ದ ಸಂಗತಿ ಇವತ್ತು ಓದೋ ನಮಗ ಗೊತ್ತಿರಲ್ಲ, ಗೊತ್ತಿಲ್ಲ ಅನ್ನೋದೂ ನಮ್ಮ ಲಕ್ಷ್ಯಕ್ಕ ಬರಲ್ಲ, ಕಣ್ಣು ಸೀದಾ ಮುಂದಿನ ಸಾಲಿಗೆ ಹೋಗಿಬಿಡ್ತದ. ಇಂಥಾ ಜಾಗಾ ತುಂಬಿರೋ ಪುಸ್ತಕಕ್ಕ ಟಿಪ್ಪಣಿ ಬೇಕೇ ಬೇಕು. ಲೇಖಕರು ತಾವೇ ಬೇಕಂತ ಮುಚ್ಚಿಟ್ಟಿದ್ದ ಜಾಗಾ ಇದ್ರ ಅಲ್ಲಿ ಯಾರೂ ಕೈ ಹಾಕಬಾರದು.

'ಆಲಿಸ್ ಇನ್ ವಂಡರ್‌ಲ್ಯಾಂಡ್'ದೇ ತೊಗೊಳ್ರಿ. ಲೂಯಿಸ್ ಕ್ಯಾರಲ್ 1865ರಾಗ ಬರ್ದ ಪುಸ್ತಕ. ಬಿಲದಾಗ ಬಿದ್ದ ಹುಡುಗಿ ತಾನು ಇನ್ನೂ ತಾನೇ ಇದ್ದೀನೋ ಇಲ್ಲೋ ಅಂತ ನೋಡ್ಕೊಳ್ಳೋ ಸಲುವಾಗಿ ಬಾಯಿಪಾಠದ ಪದ್ಯ ಹೇಳ್ಲಕ್ಕ ಹೋಗ್ತಾಳ, ಬಾಯಾಗ ಬರೋದು ಬಾಲ ಮಿರಿಮಿರಿ ಮಿಂಚಿಸಿಕೊಂಡು ಹಲ್ಲು ಕಿಸಿದು ಸಣ್ಣ ಮೀನುಗಳನ್ನ ಬಾಯೊಳಗ ಸ್ವಾಗತ ಮಾಡೋ ಮೊಸಳಿ ಪದ್ಯ. ನಾವು ಓದಿ ಏನೋ ತಮಾಷೆ ಅಂದು ಮುಂದ ಹೋಗ್ತೀವಿ. ಆದ್ರ ಆಗಿನ ಇಂಗ್ಲಿಷ್ ಮಕ್ಕಳಿಗೆ ಐಸಾಕ್ ವಾಟ್ಸ್ ಅನ್ನೋರು 1715ರಾಗ ಬರ್ದ, ಸೋಮಾರಿ ಆಗಬ್ಯಾಡ್ರಿ, ಜೇನುನೊಣ ನೋಡಿ ದುಡಿಯೋದು ಕಲೀರಿ ಅನ್ನೋ ನೀತಿಪದ್ಯ ಕಂಠಪಾಠ ಆಗಿತ್ತು, ಕ್ಯಾರಲ್ ಅದೇ ಧಾಟಿದಾಗ ದುಡಿಯೋ ಜೇನುನೊಣ ತೆಗೆದು ಆರಾಮ ಕೂತು ತಿನ್ನೋ ಮೊಸಳಿ ಇಟ್ಟಾನ. ಸರ್ವಜ್ಞನ ತ್ರಿಪದಿ ಯಾರಾದ್ರೂ ಉಲ್ಟಾ ಮಾಡಿ ಹೇಳಿದ್ರ ನಮ್ಮ ಕಡಿ ಮಂದಿ ಹ್ಯಾಂಗ ನಗ್ತಾರೋ ಹಂಗ ಅವರು ನಕ್ಕಿರ್ತಾರ. ಮಾರ್ಟಿನ್ ಗಾರ್ಡ್ನರ್ 1960ರಾಗ ಆಲಿಸ್‌ಗೆ ಟಿಪ್ಪಣಿ ಹಾಕಿ ತಂದಾಗ ಮೂಲ ಪದ್ಯಾನೂ ಪಕ್ಕದಾಗೇ ಇಟ್ಟ, ಆಲಿಸ್‌ದೇ ಎರಡನೇ ಪುಸ್ತಕ 'ಥ್ರೂ ದಿ ಲುಕಿಂಗ್ ಗ್ಲಾಸ್'ದಾಗ ಚದುರಂಗದ ನಡೆ ಹ್ಯಾಂಗ ಹೋಗ್ತಾವ ಅಂತಾನೂ ತೋರಿಸಿದ. ಅಷ್ಟು ಮಾಡಿದ ಮ್ಯಾಲ ನಗೋದು ಬಿಡೋದು ನಮಗೇ ಬಿಟ್ಟ, ಅದಕ್ಕೇ ಆ ಎಡಿಷನ್ ಇವತ್ತಿಗೂ ಎಲ್ಲರಿಗೂ ಮಾದರಿ ಆಗಿ ಕುಂತದ.

ಟೋಲ್ಕಿನ್ ಬರ್ದ 'ಹಾಬಿಟ್'ಗೂ ಟಿಪ್ಪಣಿ ಎಡಿಷನ್ ಬಂದದ, ಡಗ್ಲಾಸ್ ಆಂಡರ್ಸನ್ 1988ರಾಗ ಮಾಡಿದ್ದು, ಅದರ ಕಾರಣ ಬ್ಯಾರೆ. 1937ರ ಮೊದಲ ಮುದ್ರಣದಾಗ ಗೋಲಮ್ ಅನ್ನೋ ಗುಹೆದಾಗಿನ ಜೀವಿ ಒಗಟಿನ ಆಟದಾಗ ಸೋತ್ರ ಉಂಗುರಾನೇ ಬಹುಮಾನ ಕೊಡ್ತೀನಿ ಅಂದಿರ್ತಾನ, ಉಂಗುರ ಸಿಗದಿದ್ದಾಗ ಮಾಫಿ ಕೇಳಿ ಕಥಾನಾಯಕ ಬಿಲ್ಬೋಗ ಹೊರಗ ಹೋಗೋ ದಾರಿ ತೋರಿಸ್ತಾನ! ಆಮೇಲೆ ಟೋಲ್ಕಿನ್ 'ಲಾರ್ಡ್ ಆಫ್ ದಿ ರಿಂಗ್ಸ್' ಅನ್ನೋ ದೊಡ್ಡ ಕಾದಂಬರಿ ಬರೀಲಕ್ಕ ಕುಂತಾಗ ಆ ಉಂಗುರಾನೇ ಬ್ಯಾರೆ ವಸ್ತು ಆಯ್ತು, ಅದಕ್ಕ 1951ರ ಮುದ್ರಣದಾಗ ಆ ಅಧ್ಯಾಯ ತಿದ್ದಿದ್ರು. ನಾವು ಈಗ ಓದೋ ಸಿಟ್ಟಿನ ಗೋಲಮ್ ತಿದ್ದಿದ ಗೋಲಮ್. ಹಿಂಗ ಒಂದೇ ಪುಸ್ತಕದ ಎರಡು ರೂಪ ಇದ್ದಾಗ ಓದುಗರಿಗೆ ಎರಡೂ ಒಂದೇ ಪುಟದಾಗ ಸಿಗಬೇಕು ಅಂತೀನಿ ನಾ. ಫ್ರಾಂಕೆನ್‌ಸ್ಟೈನ್‌ಗೂ ಇದೇ ಮಾತು, 1818ರದ್ದು ಒಂದು, ಮೇರಿ ಶೆಲ್ಲಿ ತಾನೇ ತಿದ್ದಿದ 1831ರದ್ದು ಇನ್ನೊಂದು. ಅದಕ್ಕೂ ಛಲೋ ಟಿಪ್ಪಣಿ ಎಡಿಷನ್ ಆಗ್ಯಾವ, ಹೆಚ್ಚು ಹೇಳಲ್ಲ.

ಈಗ ನನ್ನ ಲಿಸ್ಟ್‌ಗೆ ಬರ್ತೀನಿ. ಮೊದಲು ಡ್ಯೂನ್. ಫ್ರಾಂಕ್ ಹರ್ಬರ್ಟ್ 1965ರಾಗ ತಂದ, ಮರಳುಗಾಡಿನ ಗ್ರಹದ ಮ್ಯಾಲ ನಡಿಯೋ ಕಾದಂಬರಿ, ಹಿಂದ ಒಂದು ಶಬ್ದಾರ್ಥದ ಪಟ್ಟಿ ಅವರೇ ಕೊಟ್ಟಾರ, ಅದಕ್ಕ ಎಲ್ಲರೂ ಇನ್ನ್ಯಾಕ ಟಿಪ್ಪಣಿ ಅಂತಾರ. ಆದ್ರ ಆ ಪಟ್ಟಿ ಕಥೆಯೊಳಗಿನ ಅರ್ಥ ಅಷ್ಟೇ ಹೇಳ್ತದ, ಎಲ್ಲಿಂದ ಬಂತು ಅಂತ ಹೇಳಲ್ಲ. ದರ್ಗಾ ಏರಿಯಾದ ಒಬ್ಬ ದೋಸ್ತನ ಜೋಡಿ ಕುಂತು ನಾ ಅದನ್ನ ಓದೀನಿ, ಅವನ ಮನಿ ಮಾತು ದಖನಿ. ಪಾದಿಶಾ ಚಕ್ರವರ್ತಿ, ಮಹದಿ, ಶೈತಾನ್, ಇಲ್ಮ್, ಅಕಲ್, ಇವು ಯಾವ್ದಕ್ಕೂ ಅವನು ಹಿಂದಿನ ಪುಟ ತಿರುವಿ ನೋಡ್ಲಿಲ್ಲ, ಅಮೆರಿಕದ ಓದುಗ ಪರಗ್ರಹದ ಭಾಷೆ ಅಂತ ತಿಳ್ಕೊಂಡು ಓದೋ ಶಬ್ದ ಇಲ್ಲಿ ನಮ್ಮ ಮನಿ ಅಂಗಳದಾಗ ಓಡಾಡೋ ಶಬ್ದ. ಆದ್ರ ಕಿತಾಬ್ ಅಲ್ ಇಬರ್ ಅನ್ನೋದು ಬಂದಾಗ ಇಬ್ಬರೂ ನಿಂತ್ವಿ. ಕಾದಂಬರಿದಾಗ ಅದು ಮರಳುಗಾಡಿನ ಫ್ರೆಮೆನ್ ಮಂದಿ ಧರ್ಮ ಮತ್ತು ಬದುಕೋ ವಿದ್ಯೆ ಎರಡೂ ಕಲಿಯೋ ಕೈಪಿಡಿ. ಖರೇ ಜಗತ್ತಿನಾಗ ಅದು ಇಬ್ನ್ ಖಲ್ದೂನ್ ಬರ್ದ ಇತಿಹಾಸದ ಹೆಸರು, 14ನೇ ಶತಮಾನದ್ದು, ಇಲ್ಲಿ ಕಲಬುರಗಿ ಕೋಟಿದಾಗ ಬಹಮನಿ ಸುಲ್ತಾನರು ಆಳ್ಲಕತ್ತಿದ್ದ ಕಾಲದಾಗ ಅಲ್ಲಿ ಉತ್ತರ ಆಫ್ರಿಕಾದಾಗ ಬರ್ದಿದ್ದು. ಆ ಇಬ್ನ್ ಖಲ್ದೂನ್ ಹೇಳಿದ್ದೇನಪಾ ಅಂದ್ರ, ಮರಳುಗಾಡಿನಾಗ ಕಷ್ಟಪಟ್ಟು ಬದುಕೋ ಗುಂಪಿನಾಗ ಒಗ್ಗಟ್ಟು ಗಟ್ಟಿ ಇರ್ತದ, ಅವರು ಬಂದು ಸುಖದಾಗ ಮೆತ್ತಗಾದ ಪಟ್ಟಣದ ದೊರೆಗಳನ್ನ ಸೋಲಿಸಿ ಗಾದಿ ಹತ್ತತಾರ, ಮೂರು ನಾಲ್ಕು ತಲೆಮಾರು ಕಳೆದ್ರ ತಾವೂ ಹಂಗೇ ಮೆತ್ತಗಾಗ್ತಾರ, ಆಗ ಇನ್ನೊಂದು ಗುಂಪು ಬರ್ತದ. ಇದು ತಿಳಿದ ಮ್ಯಾಲ ಡ್ಯೂನ್ ಮತ್ತ ಮೊದಲಿಂದ ಓದ್ರಿ, ಹೀರೋ ಗೆದ್ದ ಕಥೆ ಅಂತ ಅನಿಸೋದೇ ಇಲ್ಲ, ಗೆದ್ದ ದಿನದಿಂದ್ಲೇ ಏನು ಶುರು ಆಗ್ತದ ಅನ್ನೋ ಭಯ ಹತ್ತತದ.

ಇನ್ನೊಂದು ಮೂಲ ಅದ. ಲೆಸ್ಲಿ ಬ್ಲಾಂಚ್ ಅನ್ನೋ ಲೇಖಕಿ 1960ರಾಗ ಕಾಕಸಸ್ ಬೆಟ್ಟದ ಇಮಾಮ್ ಶಾಮಿಲ್ ರಷ್ಯಾದ ಜಾರ್ ಸೈನ್ಯದ ವಿರುದ್ಧ ಮಾಡಿದ ಲಡಾಯಿ ಬಗ್ಗೆ ಒಂದು ಪುಸ್ತಕ ಬರ್ದಳು. ಚಾಕೋಬ್ಸಾ ಅನ್ನೋ ಗುಟ್ಟಿನ ಭಾಷೆ, ಕಿಂಜಾಲ್ ಅನ್ನೋ ಖಂಜರ್, ಎರಡೂ ಅಲ್ಲಿಂದಾನೇ ಡ್ಯೂನ್‌ಗೆ ಬಂದಾವ. ನಯನಾಜೂಕು ಪಟ್ಟಣದಿಂದ ಬರ್ತದ, ಜ್ಞಾನ ಬೆಟ್ಟದಿಂದ ಬರ್ತದ ಅನ್ನೋ ಅಲ್ಲಿನ ಗಾದೆ ಡ್ಯೂನ್‌ದಾಗ ಬೆಟ್ಟ ಹೋಗಿ ಮರಳುಗಾಡು ಆಗ್ಯದ, ಅಷ್ಟೇ ಫರಕ್. ಇದು ಕಳ್ಳತನ ಅಂತ ನಾ ಹೇಳ್ಲಕತ್ತಿಲ್ಲ, ಇಷ್ಟು ದೂರದ ಸಾಮಾನು ತಂದು ಹೊಸ ಮನಿ ಕಟ್ಟೋದು ದೊಡ್ಡ ಶಕ್ತಿ. ಆದ್ರ ಸಾಮಾನು ಯಾರದ್ದು ಅಂತ ಪುಟದ ಕೆಳಗ ಬರೀಬೇಕು. ಸಿನಿಮಾ ನೋಡಿದ ಮಂದಿಗೆ ಶಾಮಿಲ್ ಹೆಸರೇ ಗೊತ್ತಿಲ್ಲ ಅನ್ನೋದು ನನಗ ಖರೇನೇ ಸಂಕಟ ಆಗ್ತದ.

ಎರಡನೇದು ಫ್ರೆಂಚ್ ಲೇಖಕ ಜೂಲ್ ವರ್ನ್, ಅದರಾಗೂ ಸಬ್‌ಮರೀನ್ ನಡಿಸೋ ಕ್ಯಾಪ್ಟನ್ ನೆಮೊ ಬರೋ ಎರಡು ಪುಸ್ತಕ. ನಮ್ಮ ಕಡಿ ಶಾಲಿ ಲೈಬ್ರರಿದಾಗ ಸಂಕ್ಷಿಪ್ತ ರೂಪದಾಗ ಓದಿದವರೇ ಜಾಸ್ತಿ, ಸಬ್‌ಮರೀನ್, ದೈತ್ಯ ಸ್ಕ್ವಿಡ್, ಇಷ್ಟೇ ನೆನಪಿರ್ತದ. ಮೊದಲನೇದು, ಸಮುದ್ರದ ಕಾದಂಬರಿ '20,000 ಲೀಗ್ಸ್ ಅಂಡರ್ ದಿ ಸೀ', 1870ರಾಗ ಫ್ರೆಂಚ್‌ದಾಗ ಬಂತು, ಸ್ವಲ್ಪೇ ವರ್ಷದಾಗ ಬಂದ ಮೊದಲ ಇಂಗ್ಲಿಷ್ ಅನುವಾದದಾಗ ಹತ್ತತ್ರ ಕಾಲು ಭಾಗ ಕತ್ತರಿಸಿ ಒಗದಿದ್ರು, ವಿಜ್ಞಾನದ ಲೆಕ್ಕಾನೂ ತಪ್ಪು ತಪ್ಪು ಮಾಡಿದ್ರು, ಓದಿದವರು ವರ್ನ್‌ಗೇ ಲೆಕ್ಕ ಬರಲ್ಲ ಅಂದ್ರು. 1976ರಾಗ ವಾಲ್ಟರ್ ಜೇಮ್ಸ್ ಮಿಲ್ಲರ್ ಟಿಪ್ಪಣಿ ಎಡಿಷನ್ ತಂದು ಏನೇನು ಹೋಗಿತ್ತೋ ಎಲ್ಲಾ ವಾಪಸ್ ಸೇರಿಸಿ ತೋರಿಸಿದ. ಒಬ್ಬ ಲೇಖಕನ ಮರ್ಯಾದೆ ಉಳಿಸಿದ ಟಿಪ್ಪಣಿ ಅದು.

ಆದ್ರ ಕನ್ನಡದ ಓದುಗರಿಗೆ ಇದಕ್ಕಿಂತ ಹತ್ತಿರದ ಕಾರಣ ಇನ್ನೊಂದು ಅದ. ನೆಮೊ ಯಾರು ಅಂತ ವರ್ನ್ ಹೇಳೋದು ಮುಂದಿನ 'ಮಿಸ್ಟೀರಿಯಸ್ ಐಲ್ಯಾಂಡ್'ದಾಗ: ಅವನು ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್, ಯುರೋಪಿನಾಗ ಓದಿದವ, 1857ರ ದಂಗೆದಾಗ ಬ್ರಿಟಿಷರ ವಿರುದ್ಧ ನಿಂತು ಎಲ್ಲಾ ಕಳ್ಕೊಂಡವ, ಮತ್ತ ಟಿಪ್ಪು ಸಾಹೇಬನ ಸಂಬಂಧಿ, ಸೋದರನ ಮಗನೋ ಅಳಿಯನೋ ಆಗಬೇಕು ಅಂತ ವರ್ನ್ ಬರ್ದಾನ. ನಮ್ಮ ಟಿಪ್ಪು ಶ್ರೀರಂಗಪಟ್ಟಣದಾಗ ತೀರಿಕೊಂಡಿದ್ದು 1799ರಾಗ, ವಯಸ್ಸಿನ ಲೆಕ್ಕ ಕೂಡೋದೇ ಇಲ್ಲ, ಬುಂದೇಲ್‌ಖಂಡಕ್ಕೂ ಮೈಸೂರಿಗೂ ಎಲ್ಲಿಂದೆಲ್ಲಿಗೆ. ಇಲ್ಲೊಂದು ಟಿಪ್ಪಣಿ ಬೇಕೋ ಬ್ಯಾಡೋ ಹೇಳ್ರಿ! ಫ್ರಾನ್ಸ್‌ದಾಗ ಕುಂತವನಿಗೆ ಟಿಪ್ಪು ಹೆಸರು ಬ್ರಿಟಿಷರಿಗೆ ಎದುರು ನಿಂತವನು ಅಂತ ಎಷ್ಟು ದೊಡ್ಡದಾಗಿ ಕೇಳಿಸಿತ್ತು, ಫ್ರೆಂಚರಿಗೆ ಟಿಪ್ಪು ಜೋಡಿ ಏನು ನಂಟಿತ್ತು, ಇದನ್ನ ಬರೀಬೇಕಾದವರು ಕರ್ನಾಟಕದವರೇ. ಇನ್ನ ನೆಮೊನ ಹುಟ್ಟಿನ ಕಥೆದಾಗ ಮತ್ತೊಂದು ತಿರುವು ಅದ, ವರ್ನ್ ಮೊದಲು ಅವನನ್ನ ರಷ್ಯಾದ ಮ್ಯಾಲ ಸೇಡು ಇಟ್ಕೊಂಡ ಪೋಲೆಂಡಿನವನನ್ನಾಗಿ ಮಾಡೋ ವಿಚಾರದಾಗಿದ್ದ, ರಷ್ಯಾದಾಗ ಪುಸ್ತಕ ಮಾರೋ ಚಿಂತೆದಾಗ ಪಬ್ಲಿಷರ್ ಹೆಟ್ಜೆಲ್ ಒಪ್ಪಲಿಲ್ಲ. ಆಮೇಲೆ ಆ ಎರಡನೇ ಪುಸ್ತಕದ ಇಂಗ್ಲಿಷ್ ಅನುವಾದದಾಗ ಬ್ರಿಟಿಷ್ ಆಳ್ವಿಕೆ ಬಗ್ಗೆ ಡಕ್ಕರ್ ಕಥೆದಾಗ ಇದ್ದ ಖಡಕ್ ಮಾತೆಲ್ಲ ಮೆತ್ತಗ ಮಾಡಿ ಇಟ್ರು, ಇಂಗ್ಲಿಷ್ ಮೂಲಕ ಓದಿದ ನಮ್ಮಂಥವರಿಗೆ ಸಿಕ್ಕಿದ್ದು ಆ ಮೆತ್ತಗಾದದ್ದು. ಯಾದಗಿರಿ ಜಿಲ್ಲೆ ಸುರಪುರದಾಗ ಹುಟ್ಟಿ ಬೆಳೆದವರು ಯಾರಾದ್ರೂ ಡಕ್ಕರ್ ಕಥೆ ಪೂರ್ತಿ ಓದಿದ್ರ ಅವರಿಗೆ ರಾಜಾ ವೆಂಕಟಪ್ಪ ನಾಯಕ ನೆನಪಾಗದೇ ಇರಲ್ಲ, ಮೆಡೋಸ್ ಟೇಲರ್ ಅನ್ನೋ ಇಂಗ್ಲಿಷ್ ಅಧಿಕಾರಿ ಕೈಯಾಗ ಬೆಳೆದ ಹುಡುಗ 1858ರಾಗ ಅದೇ ಇಂಗ್ಲಿಷರ ಮ್ಯಾಲ ತಿರುಗಿ ಬಿದ್ದ ಕಥೆ. ವರ್ನ್‌ಗೆ ಸುರಪುರ ಗೊತ್ತಿತ್ತು ಅಂತ ಅಲ್ಲ, ಓದೋ ನಮಗ ಗೊತ್ತದ ಅಲ್ಲ, ಅದಕ್ಕ ಹೇಳಿದೆ.

ನಮ್ಮ ದೇಶದ ಹಳೇ ಕಥೆಗಳಿಗೆ ಬರ್ತೀನಿ, ಇಲ್ಲಿ ಟಿಪ್ಪಣಿ ಇಲ್ಲದ ಆಗೋ ನಷ್ಟ ಇನ್ನೂ ದೊಡ್ಡದು. ಜಗದೀಶಚಂದ್ರ ಬೋಸ್ 1896ರಾಗ ಬಂಗಾಳಿದಾಗ ಒಂದು ಕಥೆ ಬರ್ದಾರ, ಕಲ್ಕತ್ತಾಕ್ಕ ಬರಬೇಕಾದ ಚಂಡಮಾರುತ ಬರದೇ ಮಾಯ ಆಗ್ತದ, ಹ್ಯಾಂಗ ಅಂದ್ರ ಹಡಗಿನಾಗ ಹೊಂಟಿದ್ದ ಒಬ್ಬ ಮನುಷ್ಯ ಮಗಳು ಕೊಟ್ಟು ಕಳಿಸಿದ ತಲಿ ಎಣ್ಣಿ ಶೀಸೆ ಸಮುದ್ರಕ್ಕ ಒಗದಿರ್ತಾನ. ಸುಮ್ನ ಓದಿದ್ರ ಇದೇನು ಹುಡುಗಾಟಕಿ ಅನಿಸ್ತದ. ಕುಂತಲೀನ್ ಅನ್ನೋ ತಲಿ ಎಣ್ಣಿ ಕಂಪನಿಯವರು ನಡಿಸಿದ ಕಥಾ ಸ್ಪರ್ಧೆಗೆ ಬರ್ದಿದ್ದು, ಎಣ್ಣಿ ಕಥೆದಾಗ ಬರಲೇಬೇಕಿತ್ತು, ಬಹುಮಾನಾನೂ ಬಂತು ಅಂತ ಗೊತ್ತಾದ್ರ ಕಥೆ ಬ್ಯಾರೇನೇ ಕಾಣ್ತದ. ಅದರ ಮ್ಯಾಲ ಎಣ್ಣಿ ಹನಿಸಿದ್ರ ನೀರಿನ ಅಲೆ ತಣ್ಣಗಾಗ್ತಾವ ಅನ್ನೋದು ಬರೇ ಕಲ್ಪನೆ ಅಲ್ಲ, ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ ಹತ್ರದ ಕೆರಿದಾಗ ಪ್ರಯೋಗ ಮಾಡಿ 1774ರಾಗ ಪ್ರಬಂಧಾನೇ ಪ್ರಕಟ ಮಾಡ್ಯಾನ. ಭೌತಶಾಸ್ತ್ರದ ಪ್ರೊಫೆಸರ್ ಒಬ್ಬರು ಜಾಹೀರಾತಿನ ಷರತ್ತಿನೊಳಗೇ ನಿಂತು ಮೇಲ್ಮೈ ಎಳೆತದ ವಿದ್ಯೆ ಕಥೆ ಮಾಡಿದ್ದು ಇದು. ಎರಡು ಟಿಪ್ಪಣಿ ಸಾಕು, ಕಥೆ ಜೀವ ಬರ್ತದ.

ಬೇಗಂ ರೊಕೆಯಾ ಬರ್ದ 'ಸುಲ್ತಾನಾಸ್ ಡ್ರೀಮ್' 1905ರಾಗ ಮದ್ರಾಸಿನ ಇಂಡಿಯನ್ ಲೇಡೀಸ್ ಮ್ಯಾಗಜೀನ್‌ದಾಗ ಬಂತು, ಸೀದಾ ಇಂಗ್ಲಿಷ್‌ದಾಗ ಬರ್ದಿದ್ದು. ಗಂಡಸರು ಮರ್ದಾನಾದಾಗ, ಅಂದ್ರ ಮನ್ಯಾಗಿನ ಗಂಡಸರ ಭಾಗದಾಗ, ಪರದೆ ಹಿಂದ, ಹೆಂಗಸರು ರಾಜ್ಯ ನಡಸ್ತಾರ, ಸೂರ್ಯನ ಶಾಖ ಹಿಡಿದಿಟ್ಟು ಅಡಿಗಿ ಮಾಡ್ತಾರ, ಅದೇ ಶಾಖ ಶತ್ರು ಸೈನ್ಯದ ಮ್ಯಾಲ ಬಿಟ್ಟು ಓಡಸ್ತಾರ, ಮೋಡಕ್ಕ ಕೊಳವಿ ಹಾಕಿ ಮಳಿ ನೀರು ಇಳಿಸ್ಕೊಳ್ತಾರ. ಆಫೀಸಿನಾಗ ಗಂಡಸ ಒಬ್ಬ ದಿನಕ್ಕ 12 ಚುಟ್ಟಾ ಸೇದ್ತಾನ, ಒಂದಕ್ಕ ಅರ್ಧ ತಾಸು, ಅಲ್ಲಿಗೆ 6 ತಾಸು ಹೊಗಿದಾಗೇ ಹೋಯ್ತು, ಅದಕ್ಕ ನಾವು ಎರಡೇ ತಾಸಿನಾಗ ಎಲ್ಲಾ ಕೆಲಸ ಮುಗಸ್ತೀವಿ ಅಂತ ಆ ರಾಜ್ಯ ತೋರಿಸ್ಕೋತ ಹೋಗೋ ಸಿಸ್ಟರ್ ಸಾರಾ ಲೆಕ್ಕ ಕೊಡೋ ಜಾಗಾ ನನಗ ಭಾಳ ಸೇರ್ತದ. ನಮ್ಮ ಊರಿನ ಹಳೇ ಮುಸ್ಲಿಂ ಮನಿಗಳಾಗ ಜನಾನಾ ಮರ್ದಾನಾ ಅಂದ್ರ ಏನು ಅಂತ ಅಜ್ಜಿಗಳಿಗೆ ಇನ್ನೂ ಗೊತ್ತದ, ಅವರ ಮಾತು ಕೇಳಿ ಬರ್ದ ಟಿಪ್ಪಣಿ ಈ ಕಥೆಗೆ ಬಂದ್ರ ಎಷ್ಟು ಚಂದ ಆಗ್ತದ. ರೊಕೆಯಾ ಮುಂದ ತಾನೇ ಹೆಣ್ಮಕ್ಕಳ ಶಾಲಿ ತೆಗೆದಳು ಅನ್ನೋದೂ ಓದುಗರಿಗೆ ಗೊತ್ತಿರಬೇಕು, ಕಥೆದಾಗ ಬರೋ ವಿಶ್ವವಿದ್ಯಾಲಯಗಳು ಬರೇ ಕನಸಲ್ಲ ಅಂತ ಆಗ ತಿಳೀತದ.

ಬ್ಯಾಡ ಅನ್ನೋದೂ ಹೇಳಬೇಕಲ್ಲ. ಜೀನ್ ವುಲ್ಫ್ ಅವರ 'ಬುಕ್ ಆಫ್ ದಿ ನ್ಯೂ ಸನ್' ಕಾದಂಬರಿ ಮಾಲಿಕೆಗೆ ಪುಟದ ಮ್ಯಾಲೇ ಟಿಪ್ಪಣಿ ಹಾಕಬ್ಯಾಡ್ರಿ. ಅದರಾಗಿನ ವಿಚಿತ್ರ ಶಬ್ದಗಳು ಒಂದೂ ಹೊಸದಾಗಿ ಹುಟ್ಟಿಸಿದ್ದಲ್ಲ, ಎಲ್ಲಾ ಹಳೇ ಖರೇ ಶಬ್ದ, ಅವಕ್ಕ ಬ್ಯಾರೇನೇ ಒಂದು ನಿಘಂಟು 1994ರಾಗೇ ಬಂದದ. ಕಥೆ ಹೇಳೋ ಮನುಷ್ಯ ತನಗ ಎಲ್ಲಾ ನೆನಪದ ಅಂತಾನ, ನಂಬಬೇಕೋ ಬ್ಯಾಡೋ ನಾವೇ ಗುದ್ದಾಡಬೇಕು, ಅದೇ ಓದೋ ಸುಖ, ಕೆಳಗ ಯಾರೋ ಇಲ್ಲಿ ಅವನು ಸುಳ್ಳು ಹೇಳ್ಲಕತ್ತಾನ ಅಂತ ಬರ್ದ್ರ ಮುಗೀತು. ಟಿಪ್ಪಣಿ ಹ್ಯಾಂಗ ಇರಬೇಕು ಅಂದ್ರ ನಾ ಅರ್ಸುಲಾ ಲೆ ಗ್ವಿನ್ ಹೆಸರು ಹೇಳ್ತೀನಿ. 1969ರ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಕಾದಂಬರಿದಾಗ ಗಂಡು ಹೆಣ್ಣು ಅನ್ನೋ ಭೇದಾನೇ ಇಲ್ಲದ ಮಂದಿ ಬರ್ತಾರ, ಅವರನ್ನೆಲ್ಲ ಗಂಡಸರಂಗ ಯಾಕ ಕರೆದ್ರಿ ಅಂತ ಕೇಳಿದವರಿಗೆ 1976ರಾಗ ಒಂದು ಲೇಖನ ಬರ್ದು ಸಮರ್ಥನೆ ಕೊಟ್ರು, ಸುಮಾರು ಹತ್ತು ವರ್ಷ ಕಳೆದ ಮ್ಯಾಲ ಅದೇ ಲೇಖನ ಅಳಿಸದೇ ಹಂಗೇ ಇಟ್ಟು ಪಕ್ಕದಾಗ ತಾವೇ ಟಿಪ್ಪಣಿ ಹಾಕಿ ಈಗ ನನ್ನ ವಿಚಾರ ಬದಲಾಗ್ಯದ ಅಂದ್ರು. ಹಳೇದು ಉಳೀತು, ಹೊಸದೂ ಬಂತು. ನನಗ ಆ ಪ್ರಾಮಾಣಿಕತೆ ಭಾಳ ದೊಡ್ಡದು ಅನಿಸ್ತದ.

ಇದೆಲ್ಲ ಇಂಗ್ಲಿಷ್ ಮಂದಿ ಚಾಳಿ, ನಮಗ್ಯಾಕ ಅಂದವರೂ ಅದಾರ. ಅಲ್ರೀ, ಕಲಬುರಗಿ ಜಿಲ್ಲೆ ಮರ್ತೂರಿನ ವಿಜ್ಞಾನೇಶ್ವರ ಬರ್ದ ಮಿತಾಕ್ಷರ ಏನು? ಯಾಜ್ಞವಲ್ಕ್ಯ ಸ್ಮೃತಿಗೆ ಬರ್ದ ವ್ಯಾಖ್ಯಾನ, ಆರನೇ ವಿಕ್ರಮಾದಿತ್ಯನ ಕಾಲದ್ದು, ಮುಂದ ದೇಶದ ಕೋರ್ಟುಗಳಾಗ ಆಸ್ತಿ ಹಂಚಿಕೆಗೆ ಆ ವ್ಯಾಖ್ಯಾನಾನೇ ಆಧಾರ ಆಯ್ತು. ಅಲ್ಲಮನ ಬೆಡಗಿನ ವಚನಕ್ಕ ಟೀಕೆ ಬರ್ದವರು ಇಲ್ಲದಿದ್ರ ಎಷ್ಟೋ ವಚನ ನಮಗ ಬಾಗಿಲೇ ತೆಗೀತಿರಲಿಲ್ಲ. ಮೂಲದ ಪಕ್ಕ ಕುಂತು ಬರಿಯೋದು ಈ ನೆಲದ ಹಳೇ ಕೆಲಸ.

ಅದಕ್ಕೇ ನನ್ನ ಲಿಸ್ಟಿನಾಗ ಎಲ್ಲಕ್ಕಿಂತ ಮ್ಯಾಲ ಇರೋದು ಡ್ಯೂನ್ ಅಲ್ಲ, ಬಹಮನಿ ಕಾಲದ ಒಂದು ಕಾವ್ಯ. ಫಖ್ರುದ್ದೀನ್ ನಿಜಾಮಿ ಬರ್ದ 'ಕದಮ್ ರಾವ್ ಪದಮ್ ರಾವ್', ದಖನಿ ಭಾಷೆದಾಗ ಸಿಕ್ಕ ಮಸ್ನವಿಗಳಾಗ, ಅಂದ್ರ ಎರಡೆರಡು ಸಾಲಿಗೆ ಪ್ರಾಸ ಕೂಡಿಸಿದ ಕಥಾಕಾವ್ಯಗಳಾಗ, ಎಲ್ಲಕ್ಕಿಂತ ಹಳೇದು ಅಂತಾರ. ಜಮೀಲ್ ಜಾಲಿಬಿ 1973ರಾಗ ಕರಾಚಿದಾಗ ಸಂಪಾದನೆ ಮಾಡಿ ತಂದ್ರು, ಅವರ ಲೆಕ್ಕದಾಗ ಇದು ಅಹಮದ್ ಶಾ ವಲಿ ಕಾಲದ್ದು, ಅಂದ್ರ ಬೀದರ್ ಹತ್ರ ಅಷ್ಟೂರಿನಾಗ ಯಾವ ಸುಲ್ತಾನನ ಗುಂಬಜ್‌ಕ್ಕ ಇವತ್ತಿಗೂ ಹಿಂದೂ ಮುಸ್ಲಿಂ ಇಬ್ಬರೂ ಜಾತ್ರಿಗೆ ಹೋಗ್ತಾರೋ ಅವನ ಕಾಲದ್ದು. ಕಥೆ ಕೇಳ್ರಿ: ಕದಮ್ ರಾವ್ ರಾಜ, ಪದಮ್ ರಾವ್ ಅವನ ಮಂತ್ರಿ, ಮಂತ್ರಿ ಅಂದ್ರ ಮನುಷ್ಯ ಅಲ್ಲ, ನಾಗ. ಅಖರ್‌ನಾಥ ಅನ್ನೋ ಜೋಗಿ ಬಂದು ರಾಜನಿಗೆ ಪರಕಾಯ ಪ್ರವೇಶದ ವಿದ್ಯೆ ಕಲಿಸ್ತಾನ, ರಾಜನ ಜೀವ ಗಿಳಿ ಮೈಯಾಗ ಹೋಗ್ತದ, ಜೋಗಿ ರಾಜನ ಮೈಯಾಗ ಸೇರ್ಕೊಂಡು ಸಿಂಹಾಸನದ ಮ್ಯಾಲ ಕುಂದ್ರತಾನ. ಅರಮನಿದಾಗ ಕುಂತವನು ರಾಜ ಅಲ್ಲ, ಖರೇ ರಾಜ ಗಿಡದ ಮ್ಯಾಲ ಗಿಳಿ. ಇದಕ್ಕಿಂತ ಛಲೋ ಫ್ಯಾಂಟಸಿ ಬೇಕೇನ್ರಿ?

ಇದನ್ನ ಇವತ್ತು ಉರ್ದು ಚೆನ್ನಾಗಿ ಬರೋರೂ ಸಲೀಸಾಗಿ ಓದಲಾರರು, ಯಾಕಂದ್ರ ಅದರ ಭಾಷೆದಾಗ ಪಾರ್ಸಿ ಕಡಿಮಿ, ಸಂಸ್ಕೃತದಿಂದ ಸವೆದು ಬಂದ ಶಬ್ದ ಜಾಸ್ತಿ. ಕನ್ನಡ ಬಲ್ಲವರಿಗೆ ಆ ಶಬ್ದಗಳ ಪರಿಚಯ ಅದ, ಲಿಪಿ ಬರಲ್ಲ. ನಾಥಪಂಥದ ಜೋಗಿಗಳು ಆಗ ದಖನ್‌ದಾಗ ಯಾಕ ಇಷ್ಟು ಹೆಸರಾಗಿದ್ರು, ಆದಿ ಶಂಕರರು ಅಮರುಕ ರಾಜನ ಮೈ ಹೊಕ್ಕ ಕಥೆಗೂ ಇದಕ್ಕೂ ಏನು ಹೋಲಿಕೆ, ಮುಸ್ಲಿಂ ಕವಿ ನಾಗನನ್ನ ಮಂತ್ರಿ ಮಾಡಿದಾಗ ಆಸ್ಥಾನದ ಮಂದಿ ಹ್ಯಾಂಗ ಕೇಳಿರಬಹುದು, ಇಂಥಾ ಟಿಪ್ಪಣಿ ಪುಟಪುಟಕ್ಕೂ ಬೇಕು. ಎಡಗಡಿ ಉರ್ದು ಲಿಪಿ, ಅದರ ಕೆಳಗ ಅದೇ ಸಾಲು ಕನ್ನಡ ಲಿಪಿದಾಗ, ಬಲಗಡಿ ಕನ್ನಡ ಅರ್ಥ ಮತ್ತ ಟಿಪ್ಪಣಿ, ಹಿಂಗ ಇರಬೇಕು ಅಂತ ನನ್ನ ಕಲ್ಪನೆ. ಬೀದರ್, ಕಲಬುರಗಿ ಬಿಟ್ಟು ಬ್ಯಾರೆ ಎಲ್ಲಿ ಉರ್ದು, ದಖನಿ, ಕನ್ನಡ, ಮರಾಠಿ ಒಂದೇ ಟೇಬಲ್‌ಗೆ ಕುಂದ್ರಸ್ಲಕ್ಕ ಆಗ್ತದ?

ಹಂಗಾದ್ರ ನೀವೇ ಶುರು ಮಾಡ್ರಿ ಅಂತ ಮುಂದಿನ ಪ್ರಶ್ನೆ ಬರ್ತದ. ನಮ್ಮ ದೇಶದ ಕಾನೂನಿನಾಗ ಲೇಖಕರು ತೀರಿಕೊಂಡು 60 ವರ್ಷ ಆದ ಮ್ಯಾಲ ಕಾಪಿರೈಟ್ ಮುಗೀತದ. ಹರ್ಬರ್ಟ್ ತೀರಿಕೊಂಡಿದ್ದು 1986ರಾಗ, ಡ್ಯೂನ್ ಮುಟ್ಟಲಕ್ಕ ಪರವಾನಗಿ ಬೇಕು. ನಿಜಾಮಿ ಕಾವ್ಯ ಹಳೇದಾದ್ರೂ ಜಾಲಿಬಿ ಮಾಡಿದ ಸಂಪಾದನೆ ಅವರ ದುಡಿಮಿ, ಅದಕ್ಕೂ ಕೇಳಿ ಒಪ್ಪಿಗಿ ತೊಗೋಬೇಕು, ಟೈಮ್ ಹಿಡೀತದ. ರೊಕೆಯಾ 1932ರಾಗ ಹೋದ್ರು, ಬೋಸ್ 1937ರಾಗ, ಇವರ ಕಥೆ ಈಗ ಎಲ್ಲರವೂ, ಮ್ಯಾಲ ಎರಡೂ ಸಣ್ಣವು. ಅದಕ್ಕ ಮೊದಲು 'ಸುಲ್ತಾನಾಸ್ ಡ್ರೀಮ್' ತೊಗೊಂಡು ಕುಂತೀವಿ, ನಾನು ಮತ್ತ ಆ ದರ್ಗಾ ಏರಿಯಾದ ದೋಸ್ತ. ಕನ್ನಡ ಅನುವಾದ ನಂದು, ಮನಿಮನಿ ಅಜ್ಜಿಗಳ ಹತ್ರ ಕುಂತು ಕೇಳಿ ಬರ್ಕೊಂಡು ಬರೋದು ಅವನ ಅಕ್ಕಂದು, ಬೀದರ್‌ದಿಂದ ಪ್ರೂಫ್ ನೋಡೋದು ನಮ್ಮ ಅಕ್ಕನ ಮಗಳದು. ಚುಟ್ಟಾ ಲೆಕ್ಕದ ತನಕ ಬಂದೀವಿ.